ಚೈನು

ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಪಂಪಿನ ಏದುಸಿರು.
ಎರಡೂ ಸೈಕಲ್ಲಿನ ಗಾಲಿಗೆ ಗಾಳಿ ತುಂಬಿ
ಇವರು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ,
ಇಶಾಡು ಮಾವು ಹಣ್ಣಾಯಿತೇ ಎಂದು ಒತ್ತಿದ ಹಾಗೆ.
ನನ್ನದಕ್ಕೆ ಒಂದು ಒತ್ತು ಹೆಚ್ಚು.

ಮೂವತ್ತೊಂದು ವರ್ಷ ಅಂಕೋಲೆ–ಹುಬ್ಬಳ್ಳಿ ಬಸ್ಸು ಓಡಿಸಿದವರು.
ಈಗಲೂ ಗದ್ದೆ ದಾರಿಯ ತಿರುವು ಬಂದರೆ
ಕೈ ಹೊರಗೆ ಚಾಚುತ್ತಾರೆ.
ಹಿಂದೆ ಬರುತ್ತಿರುವುದು ನಾನು,
ನನ್ನ ಹಿಂದೆ ಗಿರಣಿಯವರ ಮನೆಯ ಕುಂಟು ನಾಯಿ.
ಗೇಟು ದಾಟಿದ ಮೇಲೆ ನಾನು ‘ರೈಟ್’ ಅನ್ನಬೇಕು.
ಅನ್ನದಿದ್ದರೆ ಪೆಡಲು ತುಳಿಯುವುದಿಲ್ಲ, ಹಟ.

ನಾನು ಕಲಿತದ್ದು ಐವತ್ತೆಂಟಕ್ಕೆ,
ಸೀರೆ ಮಡಚಿಟ್ಟು ಚೂಡಿದಾರ ಹೊಲಿಸಿದ ವರ್ಷ,
ಶಾಲೆ ಮೈದಾನದಲ್ಲಿ, ಕತ್ತಲಾದ ಮೇಲೆ,
ಯಾರೂ ನೋಡಬಾರದೆಂದು.
ಮರುದಿನವೇ ಮೀನಿನ ಮಂಕಾಳಿ ಬುಟ್ಟಿ ಇಳಿಸಿ ಕೇಳಿದಳು:
‘ಮೊಣಕಾಲಿಗೆ ಎಂತಾ ಹಚ್ಚಿದ್ರಿ ಅಕ್ಕೋರೆ?’

ಮೇ ತಿಂಗಳಲ್ಲಿ ಕೇಣಿಯ ದಾರಿ
ಏಳು ಗಂಟೆಯವರೆಗೆ ನಮ್ಮದು, ಆಮೇಲೆ ಬಿಸಿಲಿನದು.
ಗೇರುಹಣ್ಣು ಬಿದ್ದು ಹುಳಿತ ಘಾಟು,
ಬೇಲಿಯಲ್ಲಿ ಕವಳಿ ಹಣ್ಣು, ಕಿತ್ತರೆ ಬೆರಳಿಗೆ ಹಾಲು.
ದಂಡೆಯಲ್ಲಿ ಚೌಕಾಸಿ ನನ್ನ ಕೆಲಸ,
ಬಳಚಿನ ಚೀಲವನ್ನು ಹ್ಯಾಂಡಲಿಗೆ ತೂಗುಹಾಕುವುದು ಇವರದು.
ನೀರು ತೊಟ್ಟಿಕ್ಕಿ ದಾರಿಯುದ್ದ ಚುಕ್ಕಿ,
ನಾಯಿ ಅದನ್ನು ಮೂಸುತ್ತಾ ಮನೆತನಕ.

ಕುಮಟೆಯಿಂದ ಜಯಮಾಲಾ ಫೋನು ಮಾಡುತ್ತಾಳೆ,
‘ಹೆದ್ದಾರಿಗೆ ಮಾತ್ರ ಹೋಗಬೇಡಿ ಅವ್ವಾ.’
ಇಲ್ಲವೇ ಇಲ್ಲ ಅನ್ನುತ್ತೇನೆ.
ಅಡುಗೆಮನೆಯ ಜಂತಿಯಲ್ಲಿ
ಹೆದ್ದಾರಿ ಬದಿಯಿಂದ ತಂದ ಸಿಹಿ ಈರುಳ್ಳಿಯ ಗೊಂಚಲು
ಸುಮ್ಮನೆ ತೂಗುತ್ತಿರುತ್ತದೆ.

ರಜಕ್ಕೆ ಬಂದ ಅವಳ ಮಗಳು ಮೈನಾಗೆ ಎಲ್ಲ ಗೊತ್ತು.
ಮಧ್ಯಾಹ್ನ ಗಂಜಿ, ಬಳಚಿನ ಸುಕ್ಕೆ, ಮುರುಗಲ ಪಾನಕ,
ಆಮೇಲೆ ಮೂವರೂ ತಣ್ಣನೆ ನೆಲಕ್ಕೆ ಬೆನ್ನು ಕೊಟ್ಟು
ಫ್ಯಾನು ಸುತ್ತುವುದನ್ನು ನೋಡುವುದು.
ಕರೆಂಟು ಹೋದರೆ ಯಾರು ಮೊದಲು ಏಳುತ್ತಾರೋ
ಅವರು ಬೀಸಬೇಕು.
ಯಾರೂ ಏಳುವುದಿಲ್ಲ.

ಒಂದು ಮಾತು ಉಳಿಯಿತು.
ಭಾವಿಕೇರಿಯ ಏರಿನಲ್ಲಿ, ಎರಡು ಬೇಸಿಗೆಯಿಂದ,
ನನ್ನ ಚೈನು ಬೀಳುತ್ತದೆ.
ಮಣಿಪಾಲದಲ್ಲಿ ಇವರ ಎದೆಯೊಳಗೆ
ಸಣ್ಣದೊಂದು ಸ್ಪ್ರಿಂಗು ಇಟ್ಟು ಕಳಿಸಿದಾಗಿನಿಂದ.
ಸುರಹೊನ್ನೆಯ ನೆರಳು ಬರುವ ಹೊತ್ತಿಗೆ ಸರಿಯಾಗಿ
‘ಅಯ್ಯೋ, ಮತ್ತೆ ಹೋಯ್ತು’ ಅನ್ನುತ್ತೇನೆ.
ಇವರು ಇಳಿದು ಬಂದು ಕುಕ್ಕರಗಾಲಲ್ಲಿ ಕೂತು,
ಪೆಡಲು ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ,
ಎಣ್ಣೆ ಸಾಲದು ಅನ್ನುತ್ತಾರೆ.
ಘಟ್ಟ ಹತ್ತಿದ ಹಳೇ ಬಸ್ಸಿನ ಹಾಗಿದ್ದ ಉಸಿರು
ಅಷ್ಟರಲ್ಲಿ ಇಳಿದಿರುತ್ತದೆ.
ನಾನು ಸಮುದ್ರದ ಕಡೆ ನೋಡುತ್ತಿರುತ್ತೇನೆ.

ನಿನ್ನೆ ಮೈನಾ ನನ್ನ ಕ್ಯಾರಿಯರಿನಿಂದ ಜಿಗಿದಳು
(ಅಜ್ಜನದು ಬೇಡ ಎಂದಿದ್ದೆ, ಕಾರಣ ಹೇಳಿರಲಿಲ್ಲ),
ಬಗ್ಗಿ ನೋಡಿ, ತುಟಿಯೆಲ್ಲ ಕವಳಿ ಬಣ್ಣ,
‘ಅಜ್ಜೀ, ಚೈನು ಇದ್ದಲ್ಲೇ ಇದೆಯಲ್ಲ!’

ಇವರು ತಲೆಯೆತ್ತಿದರು.
ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು
ಒಂದು ಗಳಿಗೆ ನೋಡುತ್ತಿದ್ದ ಅದೇ ನೋಟ.
ಎದ್ದು ಕೈ ಒರೆಸಿಕೊಂಡರು.
ಕೈಯಲ್ಲಿ ಕರಿ ಇರಲಿಲ್ಲ.
ಮನೆ ಮುಟ್ಟುವ ತನಕ ಮಾತಿಲ್ಲ,
ರಾತ್ರಿ ಮಾವು ಹೆಚ್ಚುವಾಗ
ಗೊರಟಿನ ಪಾಲು ನನ್ನ ಬಟ್ಟಲಿಗೆ ಬಂತು.

ಇವತ್ತು ಅದೇ ಏರು.
ನಾನಿನ್ನೂ ತುಳಿಯುತ್ತಲೇ ಇದ್ದೆ,
ಸುರಹೊನ್ನೆ ಇನ್ನೂ ಹತ್ತು ಮಾರು ಆಚೆ.
ಇವರೇ ಕಾಲೂರಿ ನಿಂತು, ಕೈ ಚಾಚಿ:
‘ತಡಿಯೆ, ನಿನ್ನ ಚೈನು ನೋಡ್ವಾ.’

ದಾರಿ ಬದಿಯ ಕಲ್ಲಿನ ಮೇಲೆ ಕೂತರು.
ಚೈನಿನ ಕಡೆ ತಿರುಗಲೂ ಇಲ್ಲ.
ಕೆಳಗೆ ಬೆಳಗಿನ ದೋಣಿಗಳು ಬರುತ್ತಿದ್ದವು,
ನಾಯಿ ಬಂದು ನಡುವೆ ಮಲಗಿತು,
ಬಳಚಿನ ಚೀಲ ತೊಟ್ಟಿಕ್ಕುತ್ತಿತ್ತು.

‘ಬಿಸಿಲು ಬಂತು’ ಎಂದಳು ಮೈನಾ,
ಕ್ಯಾರಿಯರು ಹತ್ತಿ ಕೂತು, ಎರಡು ಸಲ ತಟ್ಟಿ,
‘ರೈಟ್!’